ಬರೆದು ಆಡೋ ಕುಸ್ತಿ: ‘ಸೂಪರ್ ಗುರು’ ಅಂದ್ರೆ ಫೀಡ್‌ಬ್ಯಾಕ್ ಆಗುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿನ ಅನುಕೂಲಕ್ಕೆ ಅಲ್ಲಲ್ಲಿ ಮಾತನ್ನು ಚಿಕ್ಕದು ಮಾಡಲಾಗಿದೆ.)

ಕಡಬದಿಂದ ಮಾತಾಡ್ತಾ ಇದ್ದೀನಿ. ಪ್ರತಿ ಸಲ ಹೇಳೋ ಹಾಗೆ, ದಕ್ಷಿಣ ಕನ್ನಡದ ಕಡಬ ಅಲ್ಲ, ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಕಡಬ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಕ್ಷಮಿಸಿ. ನಮ್ಮ ಸ್ಟುಡಿಯೋ ಅಂದ್ರೆ ಮನೆ ಮೇಲಿನ ರೂಮು, ಅದರ ಮೇಲೆ ಶೀಟು.

ಇವತ್ತು ಹೇಳೋಕೆ ಹೊರಟಿರೋದು ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ನಮ್ಮದೊಂದು ಚಿಕ್ಕ ಆನ್‌ಲೈನ್ ಕುಸ್ತಿ ಲೀಗ್ ಇದೆ ಅಂತ ಹಳೇ ಕೇಳುಗರಿಗೆ ಗೊತ್ತು. ಒಂಬತ್ತು ಜನ. ಯಾರೂ ಕುಸ್ತಿ ಆಡಲ್ಲ, ಎಲ್ಲರೂ ಕುಸ್ತಿ ಬರೀತೀವಿ. ನಮ್ಮ ಹನ್ನೆರಡನೇ ಶೋನಲ್ಲಿ ಬೆಲ್ಟ್‌ಗೆ ಒಂದು ದೊಡ್ಡ ಪಂದ್ಯ ಇತ್ತು. ಒಂದು ಕಡೆ ‘ಏರಿ ಕೆಂಚ’, ಕೆರೆ ಏರಿ ಮೇಲೆ ಬೆಳೆದ ಬಡವರ ಮನೆ ಹುಡುಗ. ಇನ್ನೊಂದು ಕಡೆ ‘ಕೊಬ್ಬರಿ ಕಿಂಗ್’, ತೂಕದಲ್ಲಿ ಮೋಸ ಮಾಡೋ ಮಂಡಿ ವ್ಯಾಪಾರಿ. ಕಿಂಗ್‌ನ ಬರೀತಿದ್ದಿದ್ದು ಗುಬ್ಬಿ ಕಡೆಯ ಒಬ್ಬ ಡಿಗ್ರಿ ಹುಡುಗ. ಪಂದ್ಯದಲ್ಲಿ ಕಿಂಗ್ ಸೋತ.

ನಾನು ಗ್ರೂಪ್‌ನಲ್ಲಿ ಹಾಕಿದ ಫೀಡ್‌ಬ್ಯಾಕ್ ಇಷ್ಟು: “ಮ್ಯಾಚ್ ಓಕೆ. ಪ್ರೋಮೋ ಲೆಂತಿ ಆಯ್ತು. ಕಿಂಗ್ ಸೋತಿದ್ದು ಸರಿ.” ಅದರ ಕೆಳಗೆ ಮೂರು ಜನ ಹೆಬ್ಬೆರಳು ಒತ್ತಿದ್ರು. ಮುಂದಿನ ಶೋಗೆ ಆ ಹುಡುಗ ಏನೂ ಕಳಿಸಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಎರಡು ತಿಂಗಳಾದ ಮೇಲೆ ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡೀತಾ ಸಿಕ್ಕ. ಕೋಪ ಏನೂ ಇರಲಿಲ್ಲ. “ಅಣ್ಣ, ಚೆನ್ನಾಗಿಲ್ಲ ಅಂದಿದ್ರೂ ಬೇಜಾರಿರಲಿಲ್ಲ. ನೀವು ಓದಿದ್ರೋ ಇಲ್ವೋ ಅಂತಾನೇ ನಂಗೆ ಗೊತ್ತಾಗ್ಲಿಲ್ಲ,” ಅಂದ.

ನಿಜ ಹೇಳ್ಬೇಕಂದ್ರೆ, ನಾನು ಪೂರ್ತಿ ಓದಿರಲಿಲ್ಲ. ಫೋನಲ್ಲಿ ಬೆರಳಾಡಿಸ್ಕೊಂಡು ಫಲಿತಾಂಶ ನೋಡಿದ್ದೆ, ಅಷ್ಟೇ. ಅವನು ಮೂರು ರಾತ್ರಿ ಕೂತು ಬರೆದಿದ್ದ.

ಹಾಗಾಗಿ ಇವತ್ತಿನ ಸಂಚಿಕೆ: ಬರೆದು ಆಡೋ ಕುಸ್ತಿಯ ಶೋಗೆ ಫೀಡ್‌ಬ್ಯಾಕ್ ಕೊಡೋದು ಹೇಗೆ.

ಮೊದಲು, ಇದೇನು ಆಟ?

ಹೊಸಬರಿಗೆ ಎರಡು ಮಾತು. ಟಿವಿಯಲ್ಲಿ ಬರೋ ಡಬ್ಲ್ಯುಡಬ್ಲ್ಯುಇ ಗೊತ್ತಲ್ಲ, ಅದರಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಇದು ಗುಟ್ಟೇನಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಆ ಕಂಪನಿಯವರೇ ‘ನಮ್ಮದು ಸ್ಪರ್ಧೆ ಅಲ್ಲ, ಮನರಂಜನೆ’ ಅಂತ ಒಪ್ಪಿಕೊಂಡ್ರು. ಕ್ರೀಡೆ ಅಂದ್ರೆ ಸರ್ಕಾರದ ಆಯೋಗದ ನಿಯಂತ್ರಣ, ಲೈಸೆನ್ಸು, ಶುಲ್ಕ ಎಲ್ಲಾ ಬರುತ್ತೆ. ಮನರಂಜನೆ ಅಂದ್ರೆ ಅದೆಲ್ಲ ತಪ್ಪುತ್ತೆ. ಬಿ.ಕಾಂ. ಓದಿದ ನನಗೆ ಆ ಲೆಕ್ಕ ಚೆನ್ನಾಗೇ ಅರ್ಥ ಆಯ್ತು.

ಆದ್ರೆ 2007ರಲ್ಲಿ ನಮ್ಮ ದೇಶದ ಖಲಿ ವರ್ಲ್ಡ್ ಹೆವಿವೇಯ್ಟ್ ಚಾಂಪಿಯನ್ ಆದಾಗ ನಾನು ಪ್ರೈಮರಿ ಸ್ಕೂಲಲ್ಲಿದ್ದೆ. ಅವತ್ತು ಇದೆಲ್ಲ ಯಾರಿಗೆ ಬೇಕಿತ್ತು? ಟ್ರಂಪ್ ಕಾರ್ಡ್‌ನಲ್ಲಿ ಖಲಿ ಬಂದವನೇ ರಾಜ.

ಅದೇ ಹುಚ್ಚಿನ ಬರವಣಿಗೆ ರೂಪವೇ ಈ ಲೀಗ್‌ಗಳು. ಇಂಗ್ಲಿಷ್‌ನಲ್ಲಿ ಇವಕ್ಕೆ ‘ಇ-ಫೆಡ್’ ಅಂತಾರೆ. ಅಮೆರಿಕದಲ್ಲಿ ಅಂಚೆ ಮೂಲಕ ಶುರುವಾಗಿ, 1990ರ ದಶಕದಲ್ಲಿ ಇಂಟರ್‌ನೆಟ್ ಗುಂಪುಗಳಿಗೆ ಬಂತು. ಪ್ರತಿಯೊಬ್ಬ ಬರಹಗಾರನಿಗೂ ಒಬ್ಬ ಕಾಲ್ಪನಿಕ ಪೈಲ್ವಾನ ಇರ್ತಾನೆ. ಬರೆಯೋನನ್ನ ‘ಹ್ಯಾಂಡ್ಲರ್’ ಅಂತ ಕರೀತೀವಿ. ಲೀಗ್ ನಡೆಸೋರು ಯಾರ ಮೇಲೆ ಯಾರು ಅಂತ ಕಾರ್ಡ್ ಮಾಡ್ತಾರೆ. ಮೈಸೂರು ದಸರಾ ಕುಸ್ತಿಗೆ ಮುಂಚೆ ಹಿರಿಯರು ಕೂತು ಜೋಡಿ ಕಟ್ಟುತ್ತಾರಲ್ಲ, ಹಾಗೆ. ಅಲ್ಲಿ ವಯಸ್ಸು, ತೂಕ, ಅನುಭವ ನೋಡಿ ಜೋಡಿ ಕಟ್ಟಿದ್ರೆ, ಇಲ್ಲಿ ಕಥೆ ನೋಡಿ ಕಟ್ಟುತ್ತಾರೆ.

ಜೋಡಿ ಆದ ಮೇಲೆ ಇಬ್ಬರೂ ತಮ್ಮ ಪೈಲ್ವಾನನ ಬಾಯಲ್ಲಿ ಸವಾಲಿನ ಮಾತು ಬರೆದು ಕಳಿಸಬೇಕು. ಅದು ಪ್ರೋಮೋ. ಗೆಲುವು ಸೋಲು ತೀರ್ಮಾನ ಮಾಡೋ ಕ್ರಮ ಒಂದೊಂದು ಲೀಗ್‌ನಲ್ಲಿ ಒಂದೊಂದು ಥರ. ಕೆಲವು ಕಡೆ ವೋಟು, ಕೆಲವು ಕಡೆ ತೀರ್ಪುಗಾರರು, ಇನ್ನು ಕೆಲವು ಕಡೆ ಮಾಲೀಕನ ಕಥೆ ಹೇಗೆ ಹೋಗುತ್ತೋ ಹಾಗೆ. ನಮ್ಮಲ್ಲಿ ಆ ಪಂದ್ಯಕ್ಕೆ ಸಂಬಂಧ ಇಲ್ಲದ ಇಬ್ಬರು ಪ್ರೋಮೋ ಓದಿ ತೀರ್ಮಾನ ಮಾಡ್ತಾರೆ, ಮೂರನೆಯವರು ಪಂದ್ಯ ಬರೀತಾರೆ. ಎಲ್ಲವನ್ನೂ ಜೋಡಿಸಿ ಭಾನುವಾರ ರಾತ್ರಿ ಗ್ರೂಪ್‌ಗೆ ಪಿಡಿಎಫ್ ಹಾಕ್ತೀವಿ. ಅದೇ ನಮ್ಮ ಶೋ.

ಕೇಳಿಸದ ಚಪ್ಪಾಳೆ

ಈಗ ಒಂದು ವಿಷಯ ಯೋಚನೆ ಮಾಡಿ. ನಮ್ಮ ಗುಬ್ಬಿ ಹೆಸರು ನಾಡಿಗೆಲ್ಲ ಗೊತ್ತಾಗಿದ್ದೇ ನಾಟಕದಿಂದ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ಅದನ್ನ ನಡೆಸಿದ ಗುಬ್ಬಿ ವೀರಣ್ಣನವರು. ರಾಜ್‌ಕುಮಾರ್ ಅವರಂಥ ನಟರು ಆ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದಲ್ಲಿ ಒಂದು ಪದ್ಧತಿ ಇತ್ತು. ಹಾಡು ಹಿಡಿಸಿದ್ರೆ ಜನ ‘ಒನ್ಸ್ ಮೋರ್’ ಅಂತ ಕೂಗೋರು, ನಟ ಮತ್ತೆ ಅದನ್ನೇ ಹಾಡೋನು. ಹಿಡಿಸದೇ ಇದ್ರೆ ಅದೂ ತಕ್ಷಣ ಗೊತ್ತಾಗೋದು. ಫೀಡ್‌ಬ್ಯಾಕ್ ಅನ್ನೋ ಪದ ಇರಲಿಲ್ಲ, ಕೆಲಸ ಮಾತ್ರ ನಡೀತಿತ್ತು.

ಇವತ್ತಿಗೂ ನಮ್ಮ ಸುತ್ತಮುತ್ತ ಹಳ್ಳಿಗಳಲ್ಲಿ ಜಾತ್ರೆ ಟೈಮಲ್ಲಿ ‘ಕುರುಕ್ಷೇತ್ರ’ ಆಡ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ. ಹಗಲೆಲ್ಲ ತೋಟದಲ್ಲಿ ಕೆಲಸ ಮಾಡಿದವನು ರಾತ್ರಿ ಭೀಮ ಆಗ್ತಾನೆ. ಪದ್ಯ ಚೆನ್ನಾಗಿ ಎತ್ತಿದ್ರೆ ಜನ ಶಿಳ್ಳೆ ಹಾಕ್ತಾರೆ, ಹಾರ ಹಾಕ್ತಾರೆ, ಯಾರೋ ಸ್ಟೇಜಿಗೇ ಹತ್ತಿ ನೋಟು ಪಿನ್ ಮಾಡ್ತಾರೆ.

ಬರೆದು ಆಡೋ ಕುಸ್ತಿಯಲ್ಲಿ ಇದು ಯಾವುದೂ ಇಲ್ಲ. ಪಿಡಿಎಫ್ ಹೋಯ್ತು, ಎರಡು ನೀಲಿ ಟಿಕ್ ಬಂತು, ಅಲ್ಲಿಗೆ ಮುಗೀತು. ಯಾರಾದ್ರೂ ನಕ್ರಾ, ಯಾವ ಸಾಲಿಗೆ ನಕ್ರು, ಎಲ್ಲಿ ಬೇಜಾರಾಗಿ ಫೋನ್ ಪಕ್ಕಕ್ಕಿಟ್ರು, ಬರೆದೋನಿಗೆ ಏನೂ ಗೊತ್ತಾಗಲ್ಲ. ನಾವು ಕೊಡೋ ಫೀಡ್‌ಬ್ಯಾಕ್ ಒಂದೇ ಅವನಿಗೆ ಕೇಳಿಸೋ ಶಿಳ್ಳೆ, ಅವನಿಗೆ ಬೀಳೋ ಹಾರ. ಅದನ್ನೂ ಕೊಡದೇ ಹೋದ್ರೆ ಖಾಲಿ ಟೆಂಟ್ ಮುಂದೆ ಹಾಡಿದ ಹಾಗೆ.

ವೌಚರ್ ಇಲ್ಲದ ಮಾತು ಬೇಡ

ಆಡಿಟ್ ಮಾಡಿದವರಿಗೆ ಗೊತ್ತು. ಪುಸ್ತಕದಲ್ಲಿ ಒಂದು ಎಂಟ್ರಿ ಇದ್ರೆ ಅದಕ್ಕೊಂದು ವೌಚರ್ ಇರಬೇಕು. ಇಲ್ಲದಿದ್ರೆ ಆ ಎಂಟ್ರಿನ ನಂಬಲ್ಲ. ಫೀಡ್‌ಬ್ಯಾಕ್‌ಗೂ ಅದೇ ಅನ್ವಯ ಆಗುತ್ತೆ. ‘ಸೂಪರ್ ಗುರು’ ಅನ್ನೋದು ವೌಚರ್ ಇಲ್ಲದ ಎಂಟ್ರಿ. ‘ಬೋರು’ ಅನ್ನೋದೂ ಅಷ್ಟೇ. ಯಾವ ಪಂದ್ಯ, ಯಾವ ಭಾಗ, ಯಾವ ಸಾಲು ಅಂತ ತೋರಿಸಬೇಕು. ತೋರಿಸಿದ್ರೆ ಎರಡು ಕೆಲಸ ಆಗುತ್ತೆ. ನೀವು ಓದಿದ್ದೀರಿ ಅಂತ ಬರೆದೋನಿಗೆ ಗೊತ್ತಾಗುತ್ತೆ, ಮುಂದಿನ ಸಲ ಏನು ಉಳಿಸ್ಕೋಬೇಕು, ಏನು ತಿದ್ದಬೇಕು ಅಂತಾನೂ ಗೊತ್ತಾಗುತ್ತೆ.

ನಾನು ‘ಪ್ರೋಮೋ ಲೆಂತಿ’ ಅಂದಿದ್ದನ್ನೇ ತಗೊಳ್ಳಿ. ಉದ್ದ ಅನ್ನೋದು ತಪ್ಪಲ್ಲ. ಎಲ್ಲಿ ಉದ್ದ ಅನ್ನಿಸ್ತು ಅಂತ ಹೇಳ್ಬೇಕಿತ್ತು. ಆಮೇಲೆ ಸರಿಯಾಗಿ ಕೂತು ಓದಿದಾಗ ಗೊತ್ತಾಯ್ತು: ಕಿಂಗ್ ತನ್ನ ಮಂಡಿ ಬಗ್ಗೆ ಹೇಳೋ ಮೊದಲ ಭಾಗ ಬಿಗಿಯಾಗಿದೆ. ‘ತಕ್ಕಡಿ ಸುಳ್ಳು ಹೇಳಲ್ಲ ಕಣೋ, ತೂಗೋ ಕೈ ಹೇಳುತ್ತೆ’ ಅಂತ ಒಂದು ಮಾತಿದೆ. ಆ ಒಂದೇ ಸಾಲಲ್ಲಿ ಅವನು ಎಂಥ ಖದೀಮ ಅಂತ ಗೊತ್ತಾಗಿಬಿಡುತ್ತೆ. ಆದ್ರೆ ಅದಾದ ಮೇಲೆ ಕೆಂಚನನ್ನ ಬೈಯೋ ಮಾತು ನಾಲ್ಕು ಪ್ಯಾರಾ ಇದೆ, ನಾಲ್ಕರಲ್ಲೂ ಒಂದೇ ಬೈಗುಳ. ಎರಡು ತೆಗೆದಿದ್ರೆ ಸಾಕಿತ್ತು. ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ನಾನು ಆ ಎರಡು ನಿಮಿಷ ಕೊಡಲಿಲ್ಲ.

ಪೆಟ್ಟಿನ ಲೆಕ್ಕ ನೋಡಿ

ಪಂದ್ಯ ಓದುವಾಗ ಮುಖ್ಯವಾಗಿ ಏನು ಗಮನಿಸಬೇಕು? ನನ್ನ ಪ್ರಕಾರ ಪೆಟ್ಟಿನ ಲೆಕ್ಕ. ಮನರಂಜನೆ ಕುಸ್ತಿಯಲ್ಲಿ ‘ಸೆಲ್ಲಿಂಗ್’ ಅಂತ ಒಂದು ಮಾತಿದೆ. ಬಿ.ಕಾಂ. ಸೆಲ್ಲಿಂಗ್ ಅಲ್ಲ. ಎದುರಾಳಿಯ ಪೆಟ್ಟು ನಿಜವಾಗಿ ಬಿದ್ದಿದೆ ಅಂತ ನೋಡೋರು ನಂಬೋ ಹಾಗೆ ನೋವು ತೋರಿಸೋದು. ಕಾಲಿಗೆ ಪೆಟ್ಟು ಬಿದ್ದವನು ಐದು ನಿಮಿಷ ಆದ ಮೇಲೂ ಕುಂಟಬೇಕು. ಅಕೌಂಟ್ಸ್‌ನಲ್ಲಿ ಬ್ಯಾಲೆನ್ಸ್ ಮುಂದಿನ ಪುಟಕ್ಕೆ ತಗೊಂಡು ಹೋಗ್ತೀವಲ್ಲ, ಹಾಗೆ ನೋವನ್ನೂ ಮುಂದಕ್ಕೆ ತಗೊಂಡು ಹೋಗಬೇಕು.

ನಮ್ಮ ಆ ಪಂದ್ಯದಲ್ಲಿ ಎಡವಟ್ಟಾಗಿದ್ದು ಇಲ್ಲೇ. ಶುರುವಲ್ಲೇ ಕಿಂಗ್, ಕೆಂಚನ ಎಡಮಂಡಿ ತಿರುಚಿ ಹಾಕ್ತಾನೆ. ಅರ್ಧ ಪಂದ್ಯ ಅದೇ ಮಂಡಿ ಮೇಲೆ ಕೂತು ಕೆಲಸ ಮಾಡ್ತಾನೆ. ಕೊನೆಗೆ ಕಿಂಗ್ ತೂಕದ ಕಲ್ಲು ತಂದು ಹೊಡೆಯೋಕೆ ಹೋದಾಗ ರೆಫ್ರಿ ಕಿತ್ಕೋತಾನೆ, ಅಷ್ಟರಲ್ಲಿ ಕೆಂಚ ಕಿಂಗ್‌ನ ಹೆಗಲ ಮೇಲೆ ಎತ್ತಿ ಬಡೀತಾನೆ. ಮಂಡಿ ನೋವು ಎಲ್ಲಿ ಹೋಯ್ತು? ಪಂದ್ಯ ಬರೆದವರು ಮರೆತೇಬಿಟ್ರು.

‘ಎತ್ತುವಾಗ ಕೆಂಚನ ಎಡಮಂಡಿ ನಡುಗಿತು, ಒಂದು ಸಲ ಕುಸಿದು ಮತ್ತೆ ಎದ್ದ’ ಅಂತ ಒಂದೇ ಒಂದು ಸಾಲು ಇದ್ದಿದ್ರೆ ಕೆಂಚನ ಗೆಲುವು ಇನ್ನೂ ದೊಡ್ಡದಾಗೋದು. ಸೋತ ಕಿಂಗ್‌ಗೂ ಲಾಭ ಆಗೋದು. ಅವನ ಅರ್ಧ ಪಂದ್ಯದ ಶ್ರಮ ವ್ಯರ್ಥ ಆಗಲಿಲ್ಲ, ಇವನು ಅಪಾಯದ ಆಸಾಮಿ ಅಂತ ಓದುಗರ ಮನಸ್ಸಲ್ಲಿ ಉಳಿಯೋದು. ಆ ಸಾಲು ಇಲ್ಲದ್ದರಿಂದ ಕಿಂಗ್ ಸುಮ್ಮನೆ ಹೊಡೆಸಿಕೊಂಡು ಹೋದವನ ಹಾಗೆ ಕಾಣ್ತಾನೆ. ‘ಕಿಂಗ್ ಸೋತಿದ್ದು ಸರಿ’ ಅಂತ ನಾನು ಹೇಳಿದ್ದು ಫಲಿತಾಂಶದ ಬಗ್ಗೆ. ಹುಡುಗನಿಗೆ ಬೇಕಾಗಿದ್ದು ಹೇಗೆ ಸೋತ ಅನ್ನೋದರ ಬಗ್ಗೆ.

ಸೋತವನನ್ನ ಮೊದಲು ಓದಿ

ಇಲ್ಲಿ ಮತ್ತೆ ಕುರುಕ್ಷೇತ್ರ ನಾಟಕಕ್ಕೆ ಬರ್ತೀನಿ. ಹಳ್ಳಿ ನಾಟಕದಲ್ಲಿ ಪಾತ್ರ ಮಾಡೋರಿಗೆ ಸಂಬಳ ಇಲ್ಲ, ಅವರೇ ಕೈಯಿಂದ ದುಡ್ಡು ಹಾಕಿ ಪಾತ್ರ ತಗೋತಾರೆ. ಪಾತ್ರ ದೊಡ್ಡದಾದಷ್ಟೂ ಕಟ್ಟೋ ದುಡ್ಡು ಜಾಸ್ತಿ. ಆ ದೊಡ್ಡ ಪಾತ್ರಗಳಲ್ಲಿ ದುರ್ಯೋಧನನದೂ ಒಂದು. ಗದಾಯುದ್ಧದಲ್ಲಿ ತೊಡೆ ಮುರಿಸಿಕೊಂಡು ಬೀಳೋನು ಅವನೇ ಅಂತ ಊರಿಗೆಲ್ಲ ಗೊತ್ತು. ಆದ್ರೂ ಜನ ದುಡ್ಡು ಕೊಟ್ಟು ಆ ಪಾತ್ರ ತಗೋತಾರೆ. ಸಾವಿರ ವರ್ಷದ ಹಿಂದೆ ರನ್ನ ಕವಿ ಇದೇ ಕಥೆ ಬರೆದಾಗಲೂ ದುರ್ಯೋಧನನನ್ನ ಸಣ್ಣವನನ್ನಾಗಿ ಮಾಡಲಿಲ್ಲ. ಸೋಲೋನು ದೊಡ್ಡವನಾಗಿದ್ರೇನೇ ಗೆಲ್ಲೋನಿಗೆ ಬೆಲೆ.

ಗುಬ್ಬಿ ವೀರಣ್ಣನವರೇ ಕಂಪನಿ ಮಾಲೀಕರಾಗಿದ್ದರೂ ‘ಸದಾರಮೆ’ಯಲ್ಲಿ ಮಾಡ್ತಿದ್ದಿದ್ದು ಕಳ್ಳನ ಪಾತ್ರ. ಆ ಕಳ್ಳನನ್ನ ನೋಡೋಕೆ ಅಂತಲೇ ಜನ ಬರೋರು.

ಅದಕ್ಕೇ ಹೇಳ್ತೀನಿ, ಫೀಡ್‌ಬ್ಯಾಕ್ ಬರೆಯೋಕೆ ಕೂತಾಗ ಸೋತವರ ಕೆಲಸ ಮೊದಲು ಓದಿ. ಗೆದ್ದವನಿಗೆ ಬೆಲ್ಟ್ ಸಿಕ್ಕಿದೆ, ಅದೇ ಅವನಿಗೆ ಅರ್ಧ ಫೀಡ್‌ಬ್ಯಾಕ್. ಸೋತವನ ಕೈಯಲ್ಲಿ ಏನೂ ಇಲ್ಲ. ‘ನಿನ್ನ ಪೈಲ್ವಾನ ಸೋತ, ನಿನ್ನ ಬರವಣಿಗೆ ಸೋಲಲಿಲ್ಲ’ ಅನ್ನೋದು ನಿಜವಾಗಿದ್ರೆ ಅದನ್ನ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕು. ಬರವಣಿಗೆಯೇ ಸೋತಿದ್ರೆ ಅದನ್ನೂ ಹೇಳಿ, ಆದ್ರೆ ಜಾಗ ತೋರಿಸಿ ಹೇಳಿ.

ಮಾಡಬಾರದ ಮೂರು ಕೆಲಸ

ಒಂದು, ಪಾತ್ರಕ್ಕೂ ಬರೆದೋನಿಗೂ ಗಂಟು ಹಾಕಬೇಡಿ. ಕೊಬ್ಬರಿ ಕಿಂಗ್ ಮೋಸಗಾರ. ಅವನನ್ನ ಓದಿ ಮೈ ಉರಿದ್ರೆ ಹುಡುಗ ಚೆನ್ನಾಗಿ ಬರೆದಿದ್ದಾನೆ ಅಂತಲೇ ಅರ್ಥ. ‘ಇವನೇನು ಇಷ್ಟು ಕೆಟ್ಟದಾಗಿ ಮಾತಾಡ್ತಾನೆ’ ಅಂತ ಬರೆದೋನನ್ನ ಕೇಳಬಾರದು. ಆದ್ರೆ ಖಳನ ಬಾಯಲ್ಲಿ ಜಾತಿ ಬೈಗುಳ, ಹೆಣ್ಣುಮಕ್ಕಳನ್ನ ಕೀಳಾಗಿಸೋ ಮಾತು ಬಂದ್ರೆ ಅದು ಪಾತ್ರದ ತಲೆ ಮೇಲೆ ಹಾಕೋ ವಿಷಯ ಅಲ್ಲ, ಬರೆದೋನ ಹತ್ತಿರಾನೇ ಕೇಳ್ಬೇಕು. ಅದನ್ನ ಗ್ರೂಪ್‌ನಲ್ಲಿ ಬೇಡ, ಫೋನ್ ಮಾಡಿ ಕೇಳಿ.

ಎರಡು, ಅವರ ಶೋನ ನಿಮ್ಮ ಶೋ ಮಾಡ್ಬೇಡಿ. ‘ನಾನಾಗಿದ್ರೆ ಕಿಂಗ್‌ನ ಗೆಲ್ಲಿಸ್ತಿದ್ದೆ, ಆಮೇಲೆ ಅವನ ತಮ್ಮ ಬರ್ತಿದ್ದ, ಆಮೇಲೆ…’ ಅಂತ ಶುರು ಮಾಡಿದ್ರೆ ಅದು ಫೀಡ್‌ಬ್ಯಾಕ್ ಆಗಲ್ಲ, ಇನ್ನೊಂದು ಕಥೆ ಆಗುತ್ತೆ. ಜೋಡಿ ಕಟ್ಟಿದ್ದು ಸರಿ ಇಲ್ಲ ಅನ್ನಿಸಿದ್ರೆ ಲೀಗ್ ನಡೆಸೋರಿಗೆ ಹೇಳಿ. ಬರೆದೋನಿಗೆ ಅವನು ಬರೆದಿದ್ದರ ಬಗ್ಗೆ ಮಾತ್ರ ಹೇಳಿ.

ಮೂರು, ಬರೀ ಮೇನ್ ಇವೆಂಟ್ ಓದಿ ಶೋ ಬಗ್ಗೆ ತೀರ್ಪು ಕೊಡಬೇಡಿ. ಮೊದಲನೇ ಪಂದ್ಯ ಬರೆದವರಿಗೆ ಸಾಮಾನ್ಯವಾಗಿ ಯಾರೂ ಏನೂ ಹೇಳಲ್ಲ. ಹೊಸಬರು ಬರೋದು ಅಲ್ಲೇ, ಮಾತಿಲ್ಲದೆ ವಾಪಸ್ ಹೋಗೋದೂ ಅಲ್ಲಿಂದಲೇ. ಲೀಗ್‌ಗಳು ಮುಚ್ಚೋದು ಜಗಳದಿಂದ ಅಂತ ಎಲ್ಲರೂ ಅಂದ್ಕೋತಾರೆ. ನಾನು ಕಣ್ಣಾರೆ ನೋಡಿದ ಎರಡು ಲೀಗ್ ಮುಚ್ಚಿದ್ದು ಮೌನದಿಂದ.

ಫೀಡ್‌ಬ್ಯಾಕ್ ತಗೊಳ್ಳೋರಿಗೂ ಒಂದು ಮಾತು

ನಿಮ್ಮ ಪೈಲ್ವಾನನ ಬಗ್ಗೆ ಯಾರಾದ್ರೂ ಏನಾದ್ರೂ ಹೇಳಿದ ತಕ್ಷಣ ಉತ್ತರ ಕೊಡೋಕೆ ಹೋಗಬೇಡಿ. ಒಂದು ರಾತ್ರಿ ಬಿಡಿ. ‘ನಾನು ಹೇಳಿದ್ದು ಅದಲ್ಲ’ ಅನ್ನಿಸಿದ್ರೆ, ಅವರಿಗೆ ಅದು ಮುಟ್ಟಲಿಲ್ಲ ಅನ್ನೋದೇ ನಿಮಗೆ ಸಿಕ್ಕ ಸುದ್ದಿ. ಎಲ್ಲಾ ಸಲಹೆ ಒಪ್ಪಬೇಕಾಗಿಲ್ಲ. ಇಬ್ಬರು ಬೇರೆ ಬೇರೆಯಾಗಿ ಒಂದೇ ಜಾಗ ತೋರಿಸಿದ್ರೆ ಆ ಜಾಗ ಮಾತ್ರ ಮತ್ತೆ ಓದಿ. ಮತ್ತೆ, ಓದಿದವರಿಗೆ ಒಂದು ಥ್ಯಾಂಕ್ಸ್ ಹೇಳಿ. ಅವರೂ ರಾತ್ರಿ ಊಟ ಆದ ಮೇಲೆ ನಿದ್ದೆ ಬಿಟ್ಟು ಓದಿರ್ತಾರೆ.

ಈಗ ನಮ್ಮ ಲೀಗ್‌ನಲ್ಲಿ

ಆ ಟೀ ಅಂಗಡಿ ಮಾತಾದ ಮೇಲೆ ನಾವು ಒಂದು ನಿಯಮ ಮಾಡ್ಕೊಂಡ್ವಿ. ಶೋ ಬಂದ ಮೇಲೆ ಪ್ರತಿಯೊಬ್ಬರೂ ತಮ್ಮದಲ್ಲದ ಎರಡು ಪಂದ್ಯ ಓದಬೇಕು, ಅದರಲ್ಲಿ ಒಂದು ಮೊದಲ ಎರಡು ಪಂದ್ಯಗಳಲ್ಲಿ ಒಂದಾಗಿರಬೇಕು. ಪ್ರತಿ ಪಂದ್ಯಕ್ಕೆ ಮೂರು ಮಾತು: ನೆನಪಲ್ಲಿ ಉಳಿದ ಒಂದು ಸಾಲು, ಗಮನ ತಪ್ಪಿದ ಒಂದು ಜಾಗ, ಮುಂದೆ ಏನಾಗುತ್ತೆ ಅಂತ ಕಾಯ್ತಿರೋ ಒಂದು ವಿಷಯ. ಇಷ್ಟು ಬರೆಯದವರ ಪ್ರೋಮೋ ಮುಂದಿನ ಕಾರ್ಡ್‌ಗೆ ತಗೊಳ್ಳಲ್ಲ. ಮೊದಲು ಗೊಣಗಿದ್ರು. ಈಗ ಸೋಮವಾರ ಬೆಳಿಗ್ಗೆ ಗ್ರೂಪ್ ತೆಗೆಯೋಕೆ ಎಲ್ಲರಿಗೂ ಒಂಥರಾ ಆಸೆ.

ನಾನು ಇನ್ನೊಂದು ಕೆಲಸ ಮಾಡಿದೆ. ಹನ್ನೆರಡನೇ ಶೋ ಮತ್ತೆ ತೆಗೆದು, ಕಿಂಗ್‌ನ ಪ್ರೋಮೋ, ಪಂದ್ಯ ಎರಡನ್ನೂ ಮೊದಲಿಂದ ಕೊನೆಯವರೆಗೂ ಓದಿದೆ. ಇವತ್ತು ನಿಮಗೆ ಹೇಳಿದ್ದನ್ನೆಲ್ಲ, ತಕ್ಕಡಿ ಸಾಲು, ನಾಲ್ಕು ಪ್ಯಾರಾ ಬೈಗುಳ, ಮರೆತುಹೋದ ಮಂಡಿ, ಎಲ್ಲಾ ಬರೆದು ಆ ಹುಡುಗನಿಗೆ ಕಳಿಸಿದೆ. ಮೊದಲ ಸಾಲಲ್ಲೇ ‘ಅವತ್ತು ನಾನು ಪೂರ್ತಿ ಓದಿರಲಿಲ್ಲ, ತಪ್ಪಾಯ್ತು’ ಅಂತ ಹಾಕಿದೆ.

ಒಂದು ದಿನ ಬಿಟ್ಟು ಉತ್ತರ ಬಂತು. “ತಕ್ಕಡಿ ಸಾಲು ನಂಗೂ ತುಂಬಾ ಇಷ್ಟ ಅಣ್ಣ. ಅದನ್ನ ಯಾರೂ ನೋಡ್ಲೇ ಇಲ್ಲ ಅಂದ್ಕೊಂಡಿದ್ದೆ.” ಅಷ್ಟೇ. ವಾಪಸ್ ಬರ್ತೀನಿ ಅಂತ ಹೇಳಿಲ್ಲ, ನಾನೂ ಕೇಳಿಲ್ಲ. ಅವನಿಗೆ ಈಗ ಪರೀಕ್ಷೆ ಟೈಮು. ಕಿಂಗ್ ಹೆಸರನ್ನ ಮಾತ್ರ ರೋಸ್ಟರ್‌ನಿಂದ ತೆಗೆದಿಲ್ಲ.

ಸರಿ, ಈ ಸಂಚಿಕೆ ಇಲ್ಲಿಗೆ ಮುಗಿಸ್ತೀನಿ. ಕುಸ್ತಿ ಲೀಗೇ ಆಗಬೇಕು ಅಂತೇನಿಲ್ಲ. ನಿಮ್ಮ ಸ್ನೇಹಿತರು ಯಾರೋ ಕಥೆ ಕಳಿಸಿರಬಹುದು, ಶಾರ್ಟ್ ಫಿಲ್ಮ್ ಲಿಂಕ್ ಕಳಿಸಿರಬಹುದು, ನೀವು ‘ಸೂಪರ್’ ಅಂತ ಹಾಕಿ ಮುಂದೆ ಹೋಗಿರಬಹುದು. ಇವತ್ತು ರಾತ್ರಿ ಅದನ್ನ ಒಂದ್ಸಲ ತೆಗೆದು ಪೂರ್ತಿ ನೋಡಿ. ನೆನಪಲ್ಲಿ ಉಳಿದ ಒಂದು ಸಾಲು ಅವರಿಗೆ ಬರೆದು ಕಳಿಸಿ. ಈ ಸಂಚಿಕೆ ಬಗ್ಗೆಯೂ ಅಷ್ಟೇ, ಎಲ್ಲಿ ಬೇಜಾರಾಯ್ತು ಅಂತ ನಿಮಿಷದ ಸಮೇತ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.